ನಿಮ್ಮ ಪ್ರಶ್ನೆಗೆ ಉತ್ತರ: ಅಂಗಡಿ ಮೇಜಿನ ಕಂಪ್ಯೂಟರಿಗೆ ಕನ್ನಡದ ಸಾಫ್ಟ್‌ವೇರ್

ಈ ಸಲದ ಪ್ರಶ್ನೆಗಳೆಲ್ಲ ಗಡಿ ಕಡೆಯವು. ಕಾಸರಗೋಡಿನ ಮೂರು, ಉಳಿದವು ಅಕ್ಕಲಕೋಟೆ, ಮಡಕಶಿರಾ, ತಾಳವಾಡಿಯಿಂದ. ಎಲ್ಲರೂ ತಮ್ಮದೇ ಅಂಗಡಿಗೋ ಶಾಲೆಗೋ ಸಂಘಕ್ಕೋ ಒಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯಲು ಹೊರಟವರು. ನನಗೆ ಇದು ತುಂಬ ಖುಷಿಯ ವಿಷಯ. ದೊಡ್ಡ ಕಂಪನಿಗಳ ಸಾಫ್ಟ್‌ವೇರಿನಲ್ಲಿ ನಮ್ಮೂರಿನ ಲೆಕ್ಕದ ರೀತಿ ಇರುವುದಿಲ್ಲ, ಹೆಚ್ಚಿನ ಸಲ ನಮ್ಮ ಭಾಷೆಯೂ ಇರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಪ್ರಶ್ನೆ: ಮಾಷ್ಟ್ರೇ, ನಾನು ಬಿಸಿಎ ಓದುತ್ತಿದ್ದೇನೆ. ಮಾವನಿಗೆ ಅಡಿಕೆ ಅಂಗಡಿ ಇದೆ. ಖರೀದಿ ಚೀಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಡು ಅಂತಾರೆ. ಗೆಳೆಯರು ಎಲೆಕ್ಟ್ರಾನ್ ಬಳಸು ಅಂತಾರೆ, ಕಾಲೇಜಿನಲ್ಲಿ ಕಲಿಸಿದ್ದು ಜಾವಾ, ನನಗೆ ಇಷ್ಟ ಪೈಥಾನ್. ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು 4 ಜಿಬಿ ರ‍್ಯಾಮ್. ಯಾವುದರಲ್ಲಿ ಮಾಡಲಿ?
— ಪೆರ್ಲದ ವಿದ್ಯಾರ್ಥಿ

ಉತ್ತರ: ಪೈಥಾನ್ ಇಷ್ಟ ಅಂದಿರಲ್ಲ, ಅದರಲ್ಲೇ ಮಾಡಿ. ಜೊತೆಗೆ ಪೈಸೈಡ್ ಇಟ್ಟುಕೊಳ್ಳಿ. ಪೈಸೈಡ್ ಮತ್ತು ಪೈಕ್ಯೂಟಿ ಎರಡೂ ಕಿಟಕಿ, ಬಟನ್ ಬಿಡಿಸಿಕೊಡುವ ಕ್ಯೂಟಿ ಎಂಬ ಒಂದೇ ಲೈಬ್ರರಿಯ ಮೇಲೆ ನಿಂತಿವೆ, ಬರೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಆದರೆ ಪೈಕ್ಯೂಟಿಯ ಲೈಸೆನ್ಸ್ ಜಿಪಿಎಲ್, ಅಂದರೆ ಪ್ರೋಗ್ರಾಂ ಹಂಚಿದರೆ ನಿಮ್ಮ ಕೋಡನ್ನೂ ಕೊಡಬೇಕು, ಅದು ಬೇಡವಾದರೆ ದುಡ್ಡು ಕೊಡಬೇಕು. ಪೈಸೈಡ್‌ನದು ಎಲ್‌ಜಿಪಿಎಲ್, ಅದರಲ್ಲಿ ನಿಮ್ಮ ಕೋಡನ್ನು ಕೊಡಲೇಬೇಕು ಅಂತಿಲ್ಲ. ನಾಳೆ ಪಕ್ಕದ ಅಂಗಡಿಯವರೂ ಕೇಳಿ, ನೀವು ಅದನ್ನು ಮಾರುವ ಯೋಚನೆ ಮಾಡಿದರೆ ಇದರಲ್ಲಿ ತಲೆನೋವು ಕಡಿಮೆ. ವೆಬ್ ಪುಟದ ರೀತಿಯಲ್ಲಿ ಪ್ರೋಗ್ರಾಂ ಬರೆಯುವ ಎಲೆಕ್ಟ್ರಾನ್ ಕೆಟ್ಟದ್ದಲ್ಲ, ಆದರೆ ಪ್ರತಿ ಪ್ರೋಗ್ರಾಮಿನ ಜೊತೆ ಒಂದು ಇಡೀ ಕ್ರೋಮಿಯಂ ಬ್ರೌಸರ್ ಬರುತ್ತದೆ. 4 ಜಿಬಿಯ ಕಂಪ್ಯೂಟರಿನಲ್ಲಿ ಚೀಟಿ ಬರೆಯಲು ಅಷ್ಟು ಭಾರ ಯಾಕೆ?

ಆದರೆ ಭಾಷೆಗಿಂತ ಮೊದಲ ಕೆಲಸ ಬೇರೆ ಇದೆ. ಕೊಯ್ಲಿನ ಸಮಯದಲ್ಲಿ ಒಂದು ದಿನ ಇಡೀ ಮಾವನ ಅಂಗಡಿಯಲ್ಲಿ ಸುಮ್ನೆ ಕೂತು ನೋಡಿ. ಅವರು ಮೊದಲು ಏನು ಕೇಳುತ್ತಾರೆ, ತೂಕ ಯಾವಾಗ ಬರೆಯುತ್ತಾರೆ, ದರ ಯಾವಾಗ ಹೇಳುತ್ತಾರೆ, ಮುಂಗಡ ಕೊಟ್ಟದ್ದನ್ನು ಎಲ್ಲಿ ಕಳೆಯುತ್ತಾರೆ. ಪರದೆಯ ಮೇಲೆ ಖಾನೆಗಳು ಅದೇ ಕ್ರಮದಲ್ಲಿ ಬರಬೇಕು. ಒಂದು ಕೈ ಗೋಣಿಯ ಮೇಲೆ ಇರುವವರು ಮೌಸ್ ಹಿಡಿಯುವುದಿಲ್ಲ, ಹಾಗಾಗಿ ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು, ಕೊನೆಯ ಖಾನೆಯಲ್ಲಿ ಎಂಟರ್ ಒತ್ತಿದರೆ ಚೀಟಿಗೆ ಹೊಸ ಸಾಲು ಬರಬೇಕು, ಒಂದು ಕೀ ಒತ್ತಿದರೆ ಪ್ರಿಂಟ್ ಆಗಬೇಕು. ಮೌಸ್ ತೆಗೆದಿಟ್ಟು ಒಂದು ಇಡೀ ಚೀಟಿ ಮುಗಿಸಲು ಆಗುತ್ತದೋ ಅಂತ ನೀವೇ ಪರೀಕ್ಷೆ ಮಾಡಿ.

ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕೋಕ ಅಂತ ಅಡಿಕೆಯ ತರಗತಿಗಳಿವೆಯಲ್ಲ, ಅವನ್ನು ಕೋಡಿನೊಳಗೆ ಬರೆದಿಡಬೇಡಿ. ಒಂದು ಟೇಬಲಿನಲ್ಲಿಡಿ, ಮಾವನೇ ಸೇರಿಸಲಿ ತೆಗೆಯಲಿ. ದರ ದಿನವೂ ಬದಲಾಗುತ್ತದೆ. ಆದ್ದರಿಂದ ಚೀಟಿಯ ಪ್ರತಿ ಸಾಲಿನಲ್ಲೂ ಅವತ್ತಿನ ದರವನ್ನು ಬರೆದೇ ಇಡಬೇಕು. ತರಗತಿಯ ಟೇಬಲಿನಿಂದ ದರ ತಂದು ತೋರಿಸಿದರೆ ನಾಳೆ ದರ ಬದಲಾಯಿಸಿದ ಕೂಡಲೇ ಹಳೆ ಚೀಟಿಗಳ ಮೊತ್ತವೂ ಬದಲಾಗುತ್ತದೆ, ರೈತನ ಕೈಯಲ್ಲಿರುವ ಕಾಗದಕ್ಕೂ ನಿಮ್ಮ ಪರದೆಗೂ ತಾಳೆಯಾಗುವುದಿಲ್ಲ. ಅಲ್ಲಿಗೆ ನಂಬಿಕೆ ಹೋಯಿತು.

ಇನ್ನು ಹಣ. ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯ ರೂಪದಲ್ಲಿ, ಹಣ ಇಡಲೇಬೇಡಿ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಇದು ಪೈಥಾನ್‌ನ ತಪ್ಪಲ್ಲ, ಕಂಪ್ಯೂಟರ್ ಬಳಸುವ ಸೊನ್ನೆ-ಒಂದರ ಲೆಕ್ಕದಲ್ಲಿ ಹತ್ತನೇ ಒಂದು ಪಾಲು ಸರಿಯಾಗಿ ಕೂರುವುದಿಲ್ಲ ಅಷ್ಟೇ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ, ಎರಡನ್ನೂ ಪೂರ್ಣ ಸಂಖ್ಯೆಯಾಗಿ ಇಡಿ. ಒಂದು ಲೆಕ್ಕ ನೋಡಿ: 38 ಕಿಲೋ 450 ಗ್ರಾಂ, ಕಿಲೋಗೆ 412 ರೂಪಾಯಿ 50 ಪೈಸೆ. 38450 ಅನ್ನು 41250ರಿಂದ ಗುಣಿಸಿ 1000ದಿಂದ ಭಾಗಿಸಿದರೆ 15,86,062.5 ಪೈಸೆ. ಆ ಅರ್ಧ ಪೈಸೆ ಯಾವ ಕಡೆಗೆ? ಪೈಥಾನ್‌ನ ರೌಂಡ್ ಸರಿಯಾಗಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ಹೋಗುತ್ತದೆ, ಅಂದರೆ 62 ಪೈಸೆ ಮಾಡುತ್ತದೆ. ಮಾವ ಕೈಯಲ್ಲಿ ಬರೆದರೆ 63 ಮಾಡುತ್ತಾರೆ. ಗುಣಿಸಿದ ಮೇಲೆ 500 ಕೂಡಿಸಿ, ಆಮೇಲೆ 1000ದಿಂದ ಪೂರ್ಣ ಭಾಗಾಕಾರ ಮಾಡಿ, ಮಾವನ ಲೆಕ್ಕವೇ ಬರುತ್ತದೆ. ಈ ರೌಂಡ್ ಮಾಡುವ ಕೆಲಸ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಫಂಕ್ಷನ್‌ನಲ್ಲಿ ಇರಲಿ. ಎರಡು ಕಡೆ ಬರೆದರೆ ಒಂದು ದಿನ ಎರಡು ಉತ್ತರ ಬರುತ್ತವೆ.

ಪ್ರಶ್ನೆ: ನನ್ನ ಪ್ರೋಗ್ರಾಮಿನಲ್ಲಿ ‘ವರ್ಷದ ವರದಿ’ ಬಟನ್ ಒತ್ತಿದರೆ ಕಿಟಕಿ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ. ಥ್ರೆಡ್ ಹಾಕು ಅಂತಾರೆ. ಹಾಕಿದರೆ ಒಮ್ಮೊಮ್ಮೆ ಪ್ರೋಗ್ರಾಮೇ ಮುಚ್ಚಿಹೋಗುತ್ತದೆ.
— ಮುಳ್ಳೇರಿಯದ ಓದುಗರು

ಉತ್ತರ: ಕಿಟಕಿ 5 ಸೆಕೆಂಡ್ ಯಾವ ಸಂದೇಶಕ್ಕೂ ಉತ್ತರ ಕೊಡದಿದ್ದರೆ ವಿಂಡೋಸ್ ಅದು ಸತ್ತಿದೆ ಅಂತ ತೀರ್ಮಾನಿಸಿ ಆ ಬರಹ ಹಾಕುತ್ತದೆ. ಪರದೆ ಬಿಡಿಸುವುದು, ಮೌಸ್ ಕೇಳುವುದು, ಕೀಲಿ ಓದುವುದು ಎಲ್ಲ ಒಂದೇ ಥ್ರೆಡ್‌ನ, ಅಂದರೆ ಪ್ರೋಗ್ರಾಮಿನೊಳಗಿನ ಒಂದೇ ಎಳೆಯ, ಕೆಲಸ. ನಿಮ್ಮ ವರದಿಯೂ ಅದೇ ಥ್ರೆಡ್‌ನಲ್ಲಿ ಓಡಿದರೆ ಉಳಿದದ್ದಕ್ಕೆ ಪುರುಸೊತ್ತು ಎಲ್ಲಿ?

ಥ್ರೆಡ್ ಹಾಕಿದಾಗ ಮುಚ್ಚಿಹೋಗುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಹಿನ್ನೆಲೆಯ ಥ್ರೆಡ್‌ನಿಂದ ನೇರ ಪರದೆಯ ಲೇಬಲನ್ನೋ ಟೇಬಲನ್ನೋ ಮುಟ್ಟಿರುತ್ತೀರಿ. ಮುಟ್ಟಬಾರದು. ಕ್ಯೂಟಿಯಲ್ಲಾದರೆ ಸಿಗ್ನಲ್ ಕಳಿಸಿ. ಪೈಥಾನ್‌ನ ಜೊತೆಗೆ ಬರುವ ಟಿಕಿಂಟರ್‌ನಲ್ಲಾದರೆ ಉತ್ತರವನ್ನು ಒಂದು ಕ್ಯೂಗೆ (ಸರದಿ ಪಟ್ಟಿಗೆ) ಹಾಕಿ, ಮುಖ್ಯ ಥ್ರೆಡ್ ‘ಆಫ್ಟರ್’ ಬಳಸಿ ಅದನ್ನು ಆಗಾಗ ನೋಡಲಿ. ಸಿ ಶಾರ್ಪ್‌ನಲ್ಲಾದರೆ ಅಸಿಂಕ್, ಅವೇಟ್ ಇವೆ.

ಆದರೆ ಥ್ರೆಡ್‌ಗೆ ಮೊದಲು ವರದಿ ಯಾಕೆ ಇಷ್ಟು ನಿಧಾನ ಅಂತ ನೋಡಿ. ಅಂಗಡಿಯೊಂದರ ವರ್ಷದ ಲೆಕ್ಕ ಅಂದರೆ ಎಷ್ಟು ಸಾಲು? ಕೆಲವು ಸಾವಿರ, ಜಾಸ್ತಿ ಅಂದರೆ ಕೆಲವು ಹತ್ತು ಸಾವಿರ. ಅದಕ್ಕೆ ಕಂಪ್ಯೂಟರ್ ಒಂದು ಸೆಕೆಂಡ್ ಕೂಡ ತೆಗೆದುಕೊಳ್ಳಬಾರದು. ಪ್ರತಿ ಗ್ರಾಹಕನಿಗೂ ಲೂಪಿನೊಳಗೆ ಬೇರೆ ಬೇರೆ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡಿಸುತ್ತಿದ್ದೀರಾ? ಒಂದೇ ಕ್ವೆರಿಯಲ್ಲಿ ಗ್ರೂಪ್ ಬೈ ಹಾಕಿ ಎಲ್ಲರ ಮೊತ್ತವನ್ನೂ ಒಟ್ಟಿಗೆ ತೆಗೆಯಿರಿ. ತಾರೀಕಿನ ಕಾಲಮ್ಮಿಗೆ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಇದೆಯಾ? ಎಲ್ಲ ಸಾಲುಗಳನ್ನೂ ಒಂದೊಂದಾಗಿ ಪರದೆಯ ಟೇಬಲಿಗೆ ತುಂಬುತ್ತಿದ್ದೀರಾ? ಕಣ್ಣಿಗೆ ಕಾಣುವುದು ಮೂವತ್ತು ಸಾಲು ಮಾತ್ರ, ಕ್ಯೂಟಿಯ ಟೇಬಲ್ ವ್ಯೂ ಮತ್ತು ಮಾಡೆಲ್ ಜೋಡಿ ಬಳಸಿದರೆ ಅಷ್ಟನ್ನೇ ಬಿಡಿಸುತ್ತದೆ. ಇಷ್ಟು ಮಾಡಿದರೆ ಬಹುಶಃ ಥ್ರೆಡ್ಡೇ ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕನ್ನಡ ಶಾಲೆ, ಪಕ್ಕದಲ್ಲೇ ಮರಾಠಿ ಶಾಲೆ. ಎರಡಕ್ಕೂ ಸೇರಿ ಗ್ರಂಥಾಲಯದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಮೂರು ತೊಂದರೆ. ಹಳೆ ಪುಸ್ತಕಪಟ್ಟಿ ‘ನುಡಿ’ ಎಂಬ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು, ಅದನ್ನು ತಂದರೆ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಕೆಲವು ಹೆಸರು ಪರದೆಯಲ್ಲಿ ಇದ್ದರೂ ಹುಡುಕಿದರೆ ಸಿಗುವುದಿಲ್ಲ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಕಲಸುಮೇಲೋಗರ.
— ಅಕ್ಕಲಕೋಟೆ ತಾಲೂಕಿನ ಶಿಕ್ಷಕರು

ಉತ್ತರ: ಸರ್, ಈ ಮೂರೂ ಕನ್ನಡದಲ್ಲಿ ಪ್ರೋಗ್ರಾಂ ಬರೆಯುವ ಎಲ್ಲರಿಗೂ ಎದುರಾಗುವಂಥವು, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದಾರೆ, ಫಾಂಟ್ ತೆಗೆದರೆ ಒಳಗಿನ ಇಂಗ್ಲಿಷ್ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ಪದ್ಧತಿಗೆ, ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿಯೇ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ‘ಸೂರ್ಯ’ದಲ್ಲಿ ಹಳೆ ಫಾಂಟಿನಲ್ಲಿ ಆ ಗುರುತು ‘ಯ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ‘ಯ’ಕ್ಕಿಂತ ಮೊದಲು ಇರಬೇಕು. ಕನ್ವರ್ಟರ್ ಎಡವುವುದು ಹೆಚ್ಚಾಗಿ ಅಲ್ಲೇ. ಹಳೆ ಫೈಲನ್ನು ಅಳಿಸಬೇಡಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು. 3328ರಿಂದ ಮಲಯಾಳ ಶುರು. ಕಾಸರಗೋಡಿನಲ್ಲಿ ಕೂತು ಬರೆಯುವ ನನಗೆ ಈ ನೆರೆಹೊರೆ ಇಷ್ಟ. ಆದರೆ ನಾವು ಒಂದು ಅಕ್ಷರ ಅನ್ನುವುದು ಕಂಪ್ಯೂಟರಿಗೆ ಒಂದಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 6 ಅನ್ನುತ್ತದೆ: ಸ, ಹಲಂತದ ಗುರುತು, ತ, ಮತ್ತೆ ಹಲಂತ, ರ, ಈಕಾರ. ಹಾಗಾಗಿ ‘ಹೆಸರು 20 ಅಕ್ಷರ ಮಾತ್ರ’ ಅಂತ ಮಿತಿ ಹಾಕಿ ಅಲ್ಲಿಗೆ ಕತ್ತರಿಸಿದರೆ ಒತ್ತಕ್ಷರ ನಡುವಿನಲ್ಲೇ ಮುರಿಯುತ್ತದೆ. ಕತ್ತರಿಸಬೇಡಿ, ಖಾನೆಯನ್ನು ಅಗಲ ಮಾಡಿ.

ಹುಡುಕಿದರೆ ಸಿಗದಿರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ‘ಕೊ’ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಗುರುತು ಎರಡನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಇದೆ, ‘ಎನ್ಎಫ್‌ಸಿ’ ಅಂತ ಕೊಟ್ಟರೆ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಎರಡನೆಯದು, ರಾಜ್‌ಕುಮಾರ್ ಅಂತ ಒತ್ತಕ್ಷರ ಆಗದಂತೆ ಬರೆಯಲು ನಡುವೆ ಹಾಕುವ ಕಾಣದ ಸಂಕೇತ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಹೆಸರನ್ನು ಬರೆದ ಹಾಗೆಯೇ ಒಂದು ಕಾಲಮ್ಮಿನಲ್ಲಿ ಇಡಿ. ಪಕ್ಕದಲ್ಲಿ ‘ಹುಡುಕುವ ಹೆಸರು’ ಅಂತ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಆ ಕಾಣದ ಸಂಕೇತ ತೆಗೆದು, ನಾರ್ಮಲೈಸ್ ಮಾಡಿ, ಹಿಂದುಮುಂದಿನ ಜಾಗ ಕತ್ತರಿಸಿ ಇಡಿ. ಹುಡುಕುವ ಪದಕ್ಕೂ ಅದೇ ಸಂಸ್ಕಾರ ಮಾಡಿ ಹೋಲಿಸಿ. ತೋರಿಸುವಾಗ ಮಾತ್ರ ಮೊದಲನೆಯ ಕಾಲಂ.

ಅಕಾರಾದಿ ಜೋಡಿಸುವಾಗಲೂ ಒಂದು ಎಚ್ಚರ ಬೇಕು. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಸುಮ್ನೆ ಸಾರ್ಟ್ ಮಾಡಿದರೆ ‘ಕಳಸ’ ಮೊದಲು, ‘ಕವನ’ ಆಮೇಲೆ ಬರುತ್ತವೆ. ಸಾರ್ಟ್ ಮಾಡುವಾಗ ಮಾತ್ರ ‘ಳ’ಕ್ಕೆ ‘ಹ’ದ ನಂತರದ ಸಂಖ್ಯೆ ಕೊಡುವ ಒಂದು ಚಿಕ್ಕ ಫಂಕ್ಷನ್ ಬರೆದುಕೊಳ್ಳಿ. ಮಕ್ಕಳು ಬಳಸುವ ಪಟ್ಟಿ ಅಲ್ವಾ, ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಇರಬೇಕು.

ಎಕ್ಸೆಲ್‌ನ ತೊಂದರೆ ಸುಲಭದ್ದು. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಪಟ್ಟಿಯ) ಫೈಲ್ ಬರೆಯುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರ ಉಳಿಸುವ ರೀತಿ, ‘ಯುಟಿಎಫ್-8-ಸಿಗ್’ ಅಂತ ಕೊಡಿ. ಫೈಲಿನ ತಲೆಯಲ್ಲಿ ಒಂದು ಗುರುತು ಬೀಳುತ್ತದೆ, ಅದನ್ನು ನೋಡಿ ಎಕ್ಸೆಲ್ ಯುಟಿಎಫ್-8 ಅಂತ ತಿಳಿದುಕೊಳ್ಳುತ್ತದೆ. ಬೇರೆ ಫೈಲುಗಳನ್ನು ತೆರೆಯುವಾಗಲೂ ಎನ್‌ಕೋಡಿಂಗ್ ಬರೆದೇ ತೆರೆಯಿರಿ, ವಿಂಡೋಸಿನ ಊಹೆಗೆ ಬಿಡಬೇಡಿ.

ಕನ್ನಡ, ಮರಾಠಿ ಎರಡಕ್ಕೂ ಫಾಂಟ್ ಹುಡುಕಿ ಒದ್ದಾಡುವುದು ಬೇಡ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡ, ದೇವನಾಗರಿ, ತಮಿಳು, ತೆಲುಗು, ಮಲಯಾಳ ಎಲ್ಲ ಇವೆ. ನಮ್ಮ ಅಷ್ಟೂ ಗಡಿಗೆ ಒಂದೇ ಫಾಂಟ್ ಸಾಕು. ಬಟನ್‌ಗಳ ಬರಹ ಎರಡು ಭಾಷೆಗೂ ಬೇರೆ ಫೈಲಿನಲ್ಲಿರಲಿ. ವಾಕ್ಯವನ್ನು ತುಂಡು ತುಂಡಾಗಿ ಜೋಡಿಸಬೇಡಿ: ಹೆಸರಿನ ಮುಂದೆ ‘ಗೆ ಪುಸ್ತಕ ಕೊಡಲಾಗಿದೆ’ ಅಂತ ಅಂಟಿಸಿದರೆ ‘ರಾಮಣ್ಣಗೆ’, ‘ಕುಮಾರ್‌ಗೆ’, ‘ಸೀತಾಗೆ’ ಅಂತೆಲ್ಲ ಬಂದು ಓದುವವರಿಗೆ ಕಸಿವಿಸಿ. ‘ಪಡೆದವರು’ ಅಂತ ಒಂದು ಲೇಬಲ್, ಅದರ ಎದುರು ಹೆಸರು. ಅಷ್ಟು ಸಾಕು.

ಪ್ರಶ್ನೆ: ಅಣ್ಣಾ, ನಮ್ಮ ಮಹಿಳಾ ಸಂಘದ ಉಳಿತಾಯ, ಸಾಲದ ಲೆಕ್ಕಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದಿದ್ದೇನೆ. ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಉಳಿಸುತ್ತೇನೆ. ಉಳಿಸುತ್ತಿರುವಾಗ ಕರೆಂಟ್ ಹೋಗಿ ಫೈಲ್ ಅರ್ಧ ಖಾಲಿಯಾಯಿತು. ಪುಸ್ತಕದಲ್ಲೂ ಬರೆದಿದ್ದರಿಂದ ಬಚಾವಾದೆವು. ಏನು ಮಾಡಲಿ?
— ಮಡಕಶಿರಾದ ಓದುಗರು

ಉತ್ತರ: ತಂಗಿ, ಪುಸ್ತಕದಲ್ಲಿ ಬರೆಯುವುದನ್ನು ಈಗಲೇ ಬಿಡಬೇಡಿ. ಸಂಘದ ಹಣ ಅಂದರೆ ಹತ್ತಾರು ಮನೆಯವರು ಕೂಡಿಟ್ಟದ್ದು.

ಟೆಕ್ಸ್ಟ್ ಫೈಲ್ ಬಿಟ್ಟು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿಗೆ ಬನ್ನಿ. ಬೇರೆ ಸರ್ವರ್ ಹಾಕಬೇಕಿಲ್ಲ, ದುಡ್ಡಿಲ್ಲ, ಎಲ್ಲ ಒಂದೇ ಫೈಲಿನಲ್ಲಿರುತ್ತದೆ, ಪೈಥಾನ್‌ನ ಜೊತೆಗೇ ಬರುತ್ತದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಇದು ಈಗ ನಿಮ್ಮ ಮೊಬೈಲಿನಲ್ಲೂ ಇದೆ. ಇದರ ದೊಡ್ಡ ಗುಣ ಟ್ರಾನ್ಸಾಕ್ಷನ್. ಸದಸ್ಯೆಯೊಬ್ಬರು ಕಂತು ಕಟ್ಟಿದರು ಅನ್ನಿ. ಸಾಲದ ಖಾತೆಯಲ್ಲಿ ಕಳೆಯಬೇಕು, ನಗದು ಖಾತೆಯಲ್ಲಿ ಕೂಡಿಸಬೇಕು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟರೆ ನಡುವೆ ಕರೆಂಟ್ ಹೋದರೂ ಎರಡೂ ಆಗಿರುತ್ತವೆ, ಇಲ್ಲವೇ ಎರಡೂ ಆಗಿರುವುದಿಲ್ಲ. ಒಂದು ಆಗಿ ಇನ್ನೊಂದು ಬಿಟ್ಟುಹೋಗುವ ಸ್ಥಿತಿ ಬರುವುದಿಲ್ಲ. ಬದಲಾವಣೆಯನ್ನು ಮೊದಲು ಪಕ್ಕದ ಒಂದು ಜರ್ನಲ್ ಫೈಲಿನಲ್ಲಿ ಗುರುತು ಮಾಡಿಕೊಳ್ಳುವುದರಿಂದ, ಮುಂದಿನ ಸಲ ತೆರೆದಾಗ ಅರ್ಧ ಆದ ಕೆಲಸವನ್ನು ತಾನೇ ಹಿಂದಕ್ಕೆ ತರುತ್ತದೆ. ಆ ಜರ್ನಲ್ ಫೈಲ್ ಕಂಡರೆ ‘ಇದೇನೋ ಕಸ’ ಅಂತ ಅಳಿಸಬೇಡಿ.

ಹಳೆ ಲೆಕ್ಕವನ್ನು ಒಟ್ಟಿಗೆ ತುಂಬಿಸುವಾಗ ಪ್ರತಿ ಸಾಲಿಗೂ ಕಮಿಟ್ ಮಾಡಬೇಡಿ, ಅಂದರೆ ಒಂದೊಂದನ್ನೇ ಡಿಸ್ಕಿಗೆ ಖಾಯಂ ಮಾಡಬೇಡಿ. ಹಳೆ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸೆಕೆಂಡಿಗೆ ಸುಮಾರು 60 ಕಮಿಟ್ ಮಾತ್ರ ಆಗುತ್ತವೆ. ಎಲ್ಲ ಸೇರಿಸಿ ಒಂದೇ ಕಮಿಟ್ ಮಾಡಿದರೆ ಸಾವಿರಾರು ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ. ಕ್ವೆರಿಯಲ್ಲಿ ಹೆಸರನ್ನು ನೇರ ಅಂಟಿಸದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಬೇರೆಯಾಗಿ ಕೊಡಿ.

ಬ್ಯಾಕಪ್ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಪ್ರೋಗ್ರಾಂ ತೆರೆದಿರುವಾಗ ಫೈಲನ್ನು ಕಾಪಿ ಮಾಡಿದರೆ ನಡುವಿನ ಅರೆಬರೆ ಸ್ಥಿತಿ ಬರಬಹುದು. ಪೈಥಾನ್ 3.7ರಿಂದ ಕನೆಕ್ಷನ್‌ಗೆ ‘ಬ್ಯಾಕಪ್’ ಅಂತಲೇ ಒಂದು ಸೌಲಭ್ಯ ಇದೆ, ಅದನ್ನು ಬಳಸಿ. ಪ್ರೋಗ್ರಾಂ ಮುಚ್ಚುವಾಗ ತಾನಾಗಿ ತಾರೀಕಿನ ಹೆಸರಲ್ಲಿ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗಲಿ, ಹಳೆ ಪ್ರತಿಯ ಮೇಲೆ ಬರೆಯದಿರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಮೊತ್ತ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅನ್ನುವುದಿಲ್ಲ. ಇನ್ನು ಎರಡು ಕಂಪ್ಯೂಟರಿನಿಂದ ಒಟ್ಟಿಗೆ ಬರೆಯುವ ಅಗತ್ಯ ಬಂದರೆ ಎಸ್‌ಕ್ಯೂಲೈಟ್ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿ ಇಡಬೇಡಿ, ಆಗ ಪೋಸ್ಟ್‌ಗ್ರೆಸ್ ಥರದ ಸರ್ವರ್ ಡೇಟಾಬೇಸ್ ಬೇಕು.

ಪ್ರಶ್ನೆ: ಹೋಟೆಲ್ ಬಿಲ್ಲಿನ ಥರ್ಮಲ್ ಪ್ರಿಂಟರಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕನ್ನಡ ಕಳಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಪ್ರಿಂಟರ್ ಬದಲಾಯಿಸಬೇಕಾ?
— ಮಂಜೇಶ್ವರದ ಓದುಗರು

ಉತ್ತರ: ಬೇಡ. ಇಂಥ ಪ್ರಿಂಟರಿನ ಹೊಟ್ಟೆಯಲ್ಲಿರುವ ಫಾಂಟಿನಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಬಿಲ್ಲನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಒಂದು ಕಪ್ಪುಬಿಳುಪು ಚಿತ್ರವಾಗಿ ಬಿಡಿಸಿ, ಆ ಚಿತ್ರ ಕಳಿಸಿ. 80 ಮಿಲಿಮೀಟರ್ ಕಾಗದದ ಪ್ರಿಂಟರಿನಲ್ಲಿ ಅಗಲ ಹೆಚ್ಚಾಗಿ 576 ಚುಕ್ಕಿ, 58 ಮಿಲಿಮೀಟರಿನದರಲ್ಲಿ 384. ಬಿಡಿಸಲು ಕ್ಯೂಟಿಯ ಪೇಂಟರ್ ಬಳಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಅಕ್ಷರದ ಗಾತ್ರ ಇಂಗ್ಲಿಷಿಗಿಂತ ಸ್ವಲ್ಪ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಲಯಾಳ ಓದುವ ಗಿರಾಕಿಗಳಿಗೆ ಅದೇ ಚಿತ್ರದಲ್ಲಿ ಎರಡನೇ ಸಾಲು ಕೊಡಬಹುದು. ಪಿಡಿಎಫ್ ಬೇಕಾದರೂ ಕ್ಯೂಟಿಯಿಂದಲೇ ಮಾಡಿಸಿ.

ಪ್ರಶ್ನೆ: ಪೈಇನ್‌ಸ್ಟಾಲರಿನಲ್ಲಿ ನನ್ನ ಪೈಥಾನ್ ಪ್ರೋಗ್ರಾಮನ್ನು ಒಂದೇ ಫೈಲಿನ ಇಎಕ್ಸ್‌ಇ ಮಾಡಿದೆ. ನನ್ನಲ್ಲಿ ಓಡುತ್ತದೆ. ಸೊಸೈಟಿಯ ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಅಳಿಸಿಹಾಕುತ್ತದೆ, ಇನ್ನೊಂದು ವಿಂಡೋಸ್ 7ರ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.
— ತಾಳವಾಡಿಯ ಓದುಗರು

ಉತ್ತರ: ಒಂದೇ ಫೈಲಿನ ಇಎಕ್ಸ್‌ಇ ಪ್ರತಿ ಸಲ ತೆರೆದಾಗಲೂ ತನ್ನೊಳಗಿನದ್ದನ್ನೆಲ್ಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿ ಆಮೇಲೆ ಓಡುತ್ತದೆ. ಅದಕ್ಕೇ ನಿಧಾನ, ಆ್ಯಂಟಿವೈರಸ್‌ಗೂ ಅದೇ ಅನುಮಾನ. ಫೋಲ್ಡರ್ ರೂಪದಲ್ಲಿ ಮಾಡಿ, ಅದನ್ನು ಇನ್ನೋ ಸೆಟಪ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಡಿ. ತೊಂದರೆ ಬಹಳ ಕಡಿಮೆಯಾಗುತ್ತದೆ. ಆ್ಯಂಟಿವೈರಸ್ ಆಫ್ ಮಾಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಡೇಟಾ ಫೈಲನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ, ಅಲ್ಲಿ ಸಾಮಾನ್ಯ ಬಳಕೆದಾರರಿಗೆ ಬರೆಯಲು ಅನುಮತಿ ಇರುವುದಿಲ್ಲ. ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಇಡಿ.

ವಿಂಡೋಸ್ 7ಕ್ಕೆ ಕೊನೆಯ ಪೈಥಾನ್ 3.8, ಕ್ಯೂಟಿ 6ಕ್ಕೆ ವಿಂಡೋಸ್ 10 ಆದರೂ ಬೇಕು. ಆ ಕಂಪ್ಯೂಟರಿಗೆ ಪೈಥಾನ್ 3.8 ಮತ್ತು ಪೈಸೈಡ್ 2 ಬಳಸಿ ಬೇರೆ ಇನ್‌ಸ್ಟಾಲರ್ ಮಾಡಬೇಕಾಗುತ್ತದೆ. ವಿಂಡೋಸ್ 7ರಲ್ಲಿ ನಿರ್ಮಲಾ ಫಾಂಟ್ ಇಲ್ಲ, ತುಂಗಾ ಇದೆ, ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ನೀವೇ ಜೊತೆಗೆ ಕೊಡಿ, ಅದರ ಲೈಸೆನ್ಸ್ ಮುಕ್ತವಾಗಿದೆ. ಆ ಕಂಪ್ಯೂಟರ್ 32 ಬಿಟ್‌ನದೋ 64ರದೋ ಅಂತ ಮೊದಲು ನೋಡಿಕೊಳ್ಳಿ. 32 ಆಗಿದ್ದರೆ ಪೈಥಾನ್ ಕೂಡ 32 ಬಿಟ್‌ನದೇ ಬೇಕು.